ಅನಾಮಧೇಯ ಸಂಪಾದಕರಿಗೊಂದು ಬಿನ್ನವತ್ತಳೆ

ಸನ್ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರಾಗಬೇಕಿದ್ದು ಕೂದಲೆಳೆಯಲ್ಲಿ ತಪ್ಪಿಹೋದ ಉಪಾಧ್ಯಕ್ಷರೇ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಊಟದ ಹೊತ್ತಿಗೆ ಸರಿಯಾಗಿ ಆಗಮಿಸಿರುವ ಮಹಾಜನರೇ, ವೇದಿಕೆಯ ಮೇಲೆ ಮೈಸೂರು ಪೇಟ ಇದೆ, ಗಂಧದ ಹಾರ ಇದೆ, ಜರಿಯಂಚಿನ ಶಾಲು, ಹಣ್ಣಿನ ಬುಟ್ಟಿ ಎಲ್ಲ ಇವೆ. ಸನ್ಮಾನಿತರು ಮಾತ್ರ ಇಲ್ಲ. ಅವರ ಹೆಸರು ನಮಗೆ ಗೊತ್ತಿಲ್ಲ. ಒಬ್ಬರೋ ನಲವತ್ತು ಜನವೋ, ಅದೂ ತಿಳಿಯದು. ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಗಾಯಕ ಸಿ. ಅಶ್ವಥ್ ಅವರಂಥವರ ಜೀವನಚರಿತ್ರೆಯನ್ನು ವಿಕಿಪೀಡಿಯದಲ್ಲಿ ಕಾಯುತ್ತ ಕೂತು, ಬಂದವರು ಸುರಿದುಹೋದ ವಿಶೇಷಣಗಳನ್ನು ಗುಡಿಸುವ ಸಂಪಾದಕರಿಗೆ ಇಂದಿನ ಈ ಬಿನ್ನವತ್ತಳೆ. ಹೊಗಳಿಕೆ ಅಳಿಸುವವರನ್ನು ಹೊಗಳುವುದು ಹೇಗೆ ಎಂಬುದು ಭಾಷಣಕಾರನ ಸಂಕಟ. ಆದರೂ ಒಂದು ಮಾತನ್ನು ಸಾಧಿಸಿಯೇ ಕೂರುತ್ತೇನೆ: ನಾವೆಲ್ಲ ಸೇರಿ ಅಶ್ವಥ್ ಅವರಿಗೆ ಹೊದಿಸಿದ ಶಾಲುಗಳಿಗಿಂತ ಆ ಕಸಪೊರಕೆಯ ಗೌರವವೇ ಒಂದು ತೂಕ ಹೆಚ್ಚು.

ಶಾಲು ಯಾರ ಹೆಗಲಿಗೂ ಆಗುತ್ತದೆ. ರವಿಕೆಯನ್ನು ಅಳತೆ ಕೊಟ್ಟೇ ಹೊಲಿಸಬೇಕು. 'ನಾಡಿನ ಹೆಮ್ಮೆ', 'ಸರಳ ಸಜ್ಜನ', 'ಕನ್ನಡಿಗರ ಮನೆಮಾತು' ಇವೆಲ್ಲ ಶಾಲಿನ ಜಾತಿಯ ಮಾತುಗಳು. ಬೇಕಿದ್ದರೆ ಪರೀಕ್ಷಿಸಿ. 2009ರ ಡಿಸೆಂಬರ್ 29ರಂದು ಗಾಯಕ ಅಶ್ವಥ್ ತೀರಿಕೊಂಡರು. ಮರುದಿನವೇ ನಟ ವಿಷ್ಣುವರ್ಧನ್. 2010ರ ಜನವರಿ 18ಕ್ಕೆ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು ಕೆ.ಎಸ್. ಅಶ್ವಥ್. ಮೂರು ವಾರದೊಳಗೆ ಮೂವರು. ನಮ್ಮ ಶ್ರದ್ಧಾಂಜಲಿ ಭಾಷಣಗಳಲ್ಲಿ ಒಂದನ್ನು ಇನ್ನೊಂದು ಸಭೆಗೆ ಒಯ್ದು ಓದಿದರೂ ಕೇಳುಗರಿಗೆ ಅನುಮಾನ ಬರುವುದಿಲ್ಲ. ಇಬ್ಬರು ಅಶ್ವಥ್‌ಗಳ ಮಟ್ಟಿಗಂತೂ ಹೆಸರು ತಿದ್ದುವ ಶ್ರಮವೂ ಉಳಿಯಿತು. ಯಾರಿಗೆ ಬೇಕಾದರೂ ಒಪ್ಪುವ ಮಾತು ಯಾರ ಬಗೆಗೂ ಆಡಿದ ಮಾತಲ್ಲ. ಈಗ ಪೊರಕೆಗೆ ಸಿಕ್ಕದೆ ಉಳಿಯುವುದನ್ನು ನೋಡಿ: ಐಟಿಐ ಕಾರ್ಖಾನೆಯಲ್ಲಿ ನೌಕರಿ, 1977ರ 'ಕಾಕನಕೋಟೆ' ಚಿತ್ರಕ್ಕೆ ಸಂಗೀತ, ಎಲ್. ವೈದ್ಯನಾಥನ್ ಜೊತೆಗೂಡಿ ಅಶ್ವಥ್-ವೈದಿ ಎಂಬ ಜೋಡಿ. ಇದನ್ನು ಚಾಮಯ್ಯ ಮೇಷ್ಟ್ರಿಗೆ ತೊಡಿಸಲು ಹೋದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಪೊರಕೆಯ ನಿಜವಾದ ಪರೀಕ್ಷೆ ಇರುವುದು ತಾರೀಖುಗಳಲ್ಲಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡದ್ದೂ ಡಿಸೆಂಬರ್ 29. ಇದನ್ನು ಕಂಡ ಯಾವ ಎಚ್ಚರದ ಓದುಗನಿಗೂ ಯಾರೋ ಅವಸರದಲ್ಲಿ ಒಂದೇ ತಾರೀಖನ್ನು ಎರಡು ಕಡೆ ಅಂಟಿಸಿದ್ದಾರೆ ಅನ್ನಿಸುತ್ತದೆ. ಒಳ್ಳೆಯ ಉದ್ದೇಶದಿಂದಲೇ ತಿದ್ದಲು ಕೈ ಹಾಕುತ್ತಾನೆ. ತಪ್ಪಿನ ವೇಷದಲ್ಲಿ ನಿಂತ ನಿಜವನ್ನು ಕಾಯುವುದು ಅಡಿಟಿಪ್ಪಣಿಯೊಂದೇ. ಇನ್ನೂ ಇದೆ. ಅಶ್ವಥ್ ಯಾರ ಪದಗಳನ್ನು ಮನೆಮನೆಗೆ ಮುಟ್ಟಿಸಿದರೋ, 1990ರಲ್ಲಿ ಟಿ.ಎಸ್. ನಾಗಾಭರಣರ ಚಿತ್ರದಲ್ಲಿ ಯಾರಿಗೆ ದನಿಯಾದರೋ ಆ ಶಿಶುನಾಳ ಶರೀಫರ ಹುಟ್ಟು 1819ರ ಜುಲೈ 3, ಸಾವು 1889ರ ಜುಲೈ 3 ಎಂದು ದಾಖಲಾಗಿದೆ. ಇಬ್ಬರಿಗೂ ತುಂಬಿದ ಎಪ್ಪತ್ತು, ಇಬ್ಬರೂ ಹೊರಟದ್ದು ಹುಟ್ಟಿದ ದಿನ. ನನ್ನಂಥ ಭಾಷಣಕಾರನ ಕೈಗೆ ಇದು ಸಿಕ್ಕರೆ ಶರೀಫಜ್ಜನೇ ಅಶ್ವಥ್ ಆಗಿ ಅವತರಿಸಿದನೆಂದು ಅರ್ಧ ಗಂಟೆ ಎಳೆಯಬಹುದು. ಸಂಪಾದಕರು ಅವತಾರವನ್ನು ಅಳಿಸುತ್ತಾರೆ. ಎರಡು ಪುಟಗಳಲ್ಲಿ ಎರಡೆರಡು ತಾರೀಖು ಬಿಟ್ಟು, ನಡುವೆ ಒಂದು ನೀಲಿ ಕೊಂಡಿ ಇಟ್ಟು ಸುಮ್ಮನಾಗುತ್ತಾರೆ. ಆ ಕೊಂಡಿ ಒತ್ತಿದವನ ಮೈ ಜುಮ್ಮೆಂದರೆ ಅದು ಅವನ ಸ್ವಂತ ಸಂಪಾದನೆ.

ಊರಿನ ಅಭಿಮಾನಕ್ಕೆ ಜಾಗವೇ ಇಲ್ಲವೇ ಎಂದು ಹಿಂದಿನ ಸಾಲಿನಲ್ಲಿ ಗೊಣಗಾಟ ಕೇಳಿಸುತ್ತಿದೆ. ಇದೆ, ಒಂದು ಪದದಷ್ಟು. ಜನ್ಮಸ್ಥಳ ಎಂಬುದರ ಎದುರು 'ಚನ್ನರಾಯಪಟ್ಟಣ'. 'ಹಾಸನ ಜಿಲ್ಲೆಯ ಹೆಮ್ಮೆಯ ಸುಪುತ್ರ' ಎಂದು ಸೇರಿಸಿದ ಕೂಡಲೇ ಸುಪುತ್ರರನ್ನು ಹಂಚಿಕೊಳ್ಳುವ ಪಂಚಾಯಿತಿ ಶುರುವಾಗುತ್ತದೆ. ಅರಕಲಗೂಡಿನವರು ಎದ್ದು ನಿಲ್ಲುವ ಮೊದಲೇ ಹೇಳಿಬಿಡುತ್ತೇನೆ: ಕಾದಂಬರಿಕಾರ ಅ.ನ.ಕೃ. ಅವರ 'ಅ' ಅರಕಲಗೂಡೇ ಸರಿ, ಆದರೆ 1908ರಲ್ಲಿ ಅವರು ಹುಟ್ಟಿದ್ದು ಕೋಲಾರದಲ್ಲಿ. ಇನಿಷಿಯಲ್ಲು ಪುರಾವೆಯಾಗುವುದಿಲ್ಲ. ಹೊಳೆನರಸೀಪುರ ತಾಲ್ಲೂಕಿಗೆ 1996ರಲ್ಲಿ ಪ್ರಧಾನಿಯ ಪಟ್ಟವೇ ಒಲಿದಿರುವಾಗ ಗಾಯಕರಲ್ಲೂ ಪಾಲು ಕೇಳುವುದು ಅತಿಯಾಸೆ. ಹಾಸನದವರು ಸಾಹಿತಿ ಗೊರೂರರನ್ನು ಇಟ್ಟುಕೊಂಡು ತೃಪ್ತರಾಗಿರಲಿ. ಅಶ್ವಥ್ ದುಡಿದದ್ದು, ಹಾಡಿದ್ದು, ಕಣ್ಮುಚ್ಚಿದ್ದು ಬೆಂಗಳೂರಿನಲ್ಲಿ. ನಮ್ಮ ಪಾಲಿನ ಒಂದು ಪದ ಅಲುಗಾಡದಂತೆ ನಿಲ್ಲಬೇಕಾದರೆ ಅದಕ್ಕೆ ತೋರಣ ಕಟ್ಟಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಿದ್ವಾಂಸರದು. ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಪಂಡಿತರು ಬರೆದರು. ವಿಕಿಪೀಡಿಯದಲ್ಲಿ ಬರೆಯುವವರು ಯಾರು ಎನ್ನುತ್ತಾರೆ ಅವರು. ನ್ಯಾಯವಾದ ಪ್ರಶ್ನೆ. ಆದರೆ ಅಚ್ಚಾದ ಸಂಪುಟದಲ್ಲಿ ಬದುಕಿದ್ದವರು ಬದುಕಿಯೇ ಇರುತ್ತಾರೆ, ತಪ್ಪೂ ಹಾಗೆಯೇ ಚಿರಂಜೀವಿಯಾಗುತ್ತದೆ. ಇಲ್ಲಿ ಪುಟದ 'ಇತಿಹಾಸ' ತೆರೆದರೆ ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಪದ ಬಂತು, ಯಾವುದು ಹೋಯಿತು ಎಲ್ಲವೂ ಕಾಣುತ್ತದೆ. ಜಗಳವೂ ಬಯಲಿನಲ್ಲೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪಂಚಾಯಿತಿ ಜಾಗಕ್ಕೆ 'ಅರಳಿಕಟ್ಟೆ' ಎಂದು ಹೆಸರು. ಅರಳಿಯೆಂದರೆ ಅಶ್ವತ್ಥ, ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ, ನಮ್ಮ ಗಾಯಕರ ಪುಟದ ವ್ಯಾಜ್ಯಕ್ಕೆ ಇದಕ್ಕಿಂತ ಒಪ್ಪುವ ಕಟ್ಟೆ ಇನ್ನೆಲ್ಲಿ? ಸುಗಮ ಸಂಗೀತದ 'ಪಿತಾಮಹ' ಯಾರೆಂಬ ವ್ಯಾಜ್ಯವನ್ನೇ ತೆಗೆದುಕೊಳ್ಳಿ. ಕಾಳಿಂಗರಾಯರ ಅಭಿಮಾನಿಗಳಿದ್ದಾರೆ, ಮೈಸೂರು ಅನಂತಸ್ವಾಮಿಯವರ ಕಡೆಯವರಿದ್ದಾರೆ, ನಾವಿದ್ದೇವೆ. ಒಂದು ಮನೆಗೆ ಮೂವರು ಪಿತಾಮಹರಾದರೆ ಅಜ್ಜಿಯ ಗತಿಯೇನು? ಪದವನ್ನೇ ತೆಗೆದು ಯಾವ ವರ್ಷ ಯಾರು ಏನು ಹಾಡಿದರೆಂದು ಬರೆದರೆ ಮನೆ ಉಳಿಯುತ್ತದೆ.

ಈ ಏರ್ಪಾಡಿನಲ್ಲಿ ಹುಳುಕಿಲ್ಲವೆಂದರೆ ನಾನೂ ಶಾಲು ಹೊದಿಸಿದಂತಾದೀತು. ಯಾರೂ ಕಾಯದ ಪುಟದಲ್ಲಿ ತಪ್ಪು ವರ್ಷಗಟ್ಟಲೆ ಹಾಯಾಗಿರುತ್ತದೆ. ಪತ್ರಿಕೆಯವರು ಅದನ್ನು ಎತ್ತಿ ಬರೆಯುತ್ತಾರೆ, ಆಮೇಲೆ ಆ ಪತ್ರಿಕೆಯೇ ಪುಟಕ್ಕೆ ಆಧಾರವಾಗುತ್ತದೆ. ಹಾವು ತನ್ನ ಬಾಲವನ್ನೇ ನುಂಗಿದ ಕಥೆ. ಕನ್ನಡದಲ್ಲಿ ಕಷ್ಟ ಇನ್ನೂ ಒಂದು ಕೈ ಮಿಗಿಲು, ಏಕೆಂದರೆ ಕ್ಯಾಸೆಟ್ ಕಾಲದ ಪುರಾವೆಗಳು ಇಂಟರ್ನೆಟ್ಟಿನಲ್ಲಿಲ್ಲ, ನಿಮ್ಮ ಅಟ್ಟದ ಮೇಲಿವೆ. ಗೀತರಚನೆ, ವಾದ್ಯ, ಇಸವಿ ಅಚ್ಚಾಗಿರುವ ಆ ಕ್ಯಾಸೆಟ್ ಹೊದಿಕೆ, ಪತ್ರಿಕೆಯ ಹಳೆಯ ಕತ್ತರಿ ತುಣುಕು ಇವನ್ನು ಧೂಳು ಕೊಡವಿ ತನ್ನಿ. ವಿಶೇಷಣವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕೊನೆಯ ಆಕ್ಷೇಪ ರಸಿಕರದು: ಆ ಕಂಠವನ್ನು ತಾರೀಖಿನಲ್ಲಿ ಹಿಡಿಯಲಾದೀತೇ? ಆಗದು, ನಿಜ. 'ಗಾನಗಾರುಡಿಗ' ಎಂದರೂ ಆಗದಲ್ಲ! ಗಾಯಕನ ಒಳಮನಸ್ಸಿಗೆ ಇಳಿಯುವ ಪರವಾನಗಿ ಕಾದಂಬರಿಕಾರರಿಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರು 'ಮಂದ್ರ'ದಲ್ಲಿ ಇಳಿದೂ ತೋರಿಸಿದ್ದಾರೆ. ವಿಶ್ವಕೋಶ ಹೊಸ್ತಿಲಲ್ಲೇ ನಿಲ್ಲುತ್ತದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಲಕ್ಷ ಜನ ಸೇರಿದ್ದರೆಂದು ಹೇಳುವಾಗಲೂ ಅದು 'ಯಾರ ಎಣಿಕೆ' ಎಂದು ಕೇಳಿ, ಓದುಗನನ್ನು ಹಾಡಿನ ಬಾಗಿಲವರೆಗೆ ಬಿಟ್ಟು ಹಿಂದಿರುಗುತ್ತದೆ. ಒಳಗೆ ಹೋಗಿ ಕೇಳುವುದು ಕಿವಿಯುಳ್ಳವರ ಕೆಲಸ.

ಅಧ್ಯಕ್ಷರು ಗಂಟೆ ಒತ್ತುತ್ತಿದ್ದಾರೆ. ಸಭೆಗೆ ಒಂದೇ ವಿನಂತಿ: ಈ ಭಾಷಣದ ಪ್ರತಿಯನ್ನು ದಯವಿಟ್ಟು ಯಾರೂ ಆ ಪುಟಕ್ಕೆ ಆಧಾರವಾಗಿ ಕೊಡಬೇಡಿ, ಸನ್ಮಾನ ಭಾಷಣ ನಂಬಲರ್ಹ ಆಕರವಲ್ಲವೆಂದು ಸನ್ಮಾನಿತರೇ ಅಳಿಸಿಹಾಕುತ್ತಾರೆ. ಪೇಟವನ್ನು ಮುಂದಿನ ಸಮಾರಂಭಕ್ಕೆ ತೆಗೆದಿಡಿ. ಹಾರವನ್ನು ಸದ್ಯಕ್ಕೆ ಮೈಕಿನ ಕಂಬಕ್ಕೇ ಹಾಕಿ, ಫೋಟೋದವರು ಕಾಯುತ್ತಿದ್ದಾರೆ.