ಕಡತಮೀಮಾಂಸೆಗೊಂದು ಪ್ರವೇಶಿಕೆ

ಕಚೇರಿಯ ಕೆಲಸವು ಕರ್ಮದ ಹಾಗೆಯೇ ತ್ರಿವಿಧ: ಸಂಚಿತ, ಆಗಾಮಿ, ಪ್ರಾರಬ್ಧ. ಹಿಂದಿನವರು ವರ್ಗವಾಗಿ ಹೋಗುವಾಗ ಚಾರ್ಜಿನ ಜತೆ ಬಿಟ್ಟುಹೋದದ್ದು ಸಂಚಿತ. ಸಂಜೆ ಐದರ ಮೇಲೆ ವಾಟ್ಸಾಪ್ ಗುಂಪಿಗೆ ಬೀಳಲಿರುವುದು ಆಗಾಮಿ. ನೀರಿಳಿಯುವ ಕೊಡೆ ಮಡಚುತ್ತ ಅರ್ಜಿದಾರರು ಎದುರು ನಿಂತರೆ ಅದು ಪ್ರಾರಬ್ಧ, ಅನುಭವಿಸಿಯೇ ತೀರಬೇಕು.

ಈ ಶಾಸ್ತ್ರದ ವ್ಯಾಸಂಗಕ್ಕೆ ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆ ಸೀಮೆ ಪ್ರಶಸ್ತ ಕ್ಷೇತ್ರ. ಇಂಥ ಸೀಮೆಯ ಗ್ರಾಮಕರಣಿಕರ (ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ) ಮೇಜಿಗೆ ಜಾತಿ-ಆದಾಯ ಪ್ರಮಾಣಪತ್ರ, ಸರ್ಕಾರಿ ಜಾಗದ ಮನೆಗಳ 94ಸಿ, ಅಕ್ರಮ-ಸಕ್ರಮ, ವೃದ್ಧಾಪ್ಯ ವೇತನ, ಅಡಿಕೆ ತೋಟದ ಬೆಳೆ ಸಮೀಕ್ಷೆ ಎಲ್ಲವೂ ಬರುತ್ತವೆ. ನಡುವೆ ಚುನಾವಣೆ. 2019ರ ಆಗಸ್ಟಿನಂತೆ ಗುಡ್ಡ ಜರಿದು ಹೊಳೆ ತೋಟಕ್ಕೆ ನುಗ್ಗಿದರೆ ಹಾನಿಯ ಪಟ್ಟಿಯೂ ಸೇರುತ್ತದೆ.

ಮೇಜಿನ ಸ್ತರವಿನ್ಯಾಸ ಸರಳ. ಹಳೆಯದು ಅಡಿಗೆ, ಹೊಸದು ಮೇಲಕ್ಕೆ. ಪದರಗಳ ನಡುವಿನ ಚಹಾ ಲೋಟದ ಉಂಗುರಗಳಿಂದ ಕಾಲನಿರ್ಣಯ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಪದರಕ್ಕೆ ಕೈಹಾಕಬಾರದೆಂಬುದು ಸಂಪ್ರದಾಯ. ವಿಲೇವಾರಿಯ ವೇಗದಲ್ಲಿ ಗೆದ್ದಲಿಗೆ ಸರಿಸಾಟಿಯಿಲ್ಲ. ಅದು ಯಾವ ಕಡತಕ್ಕೂ ಆಕ್ಷೇಪಣೆ ಬರೆದು ಹಿಂದಿರುಗಿಸಿದ್ದಿಲ್ಲ.

ಯಂತ್ರ ಬಂದರೆ ಈ ರಾಶಿ ಕರಗುತ್ತದೆಂಬ ಪೂರ್ವಪಕ್ಷದವರು ಯಂತ್ರವಾದಿಗಳು. ಅವರ ಮೊದಲ ಪ್ರಮಾಣ ಭೂಮಿ ಯೋಜನೆ: ಈ ಶತಮಾನದ ಆರಂಭದಲ್ಲಿ ಅದು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಎರಡನೆಯದು 2011ರ ಸಕಾಲ ಕಾಯ್ದೆ. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಗಣಿತಬಲ್ಲ ಭಾಷ್ಯಕಾರರು ಇದರಿಂದ ಇಪ್ಪತ್ತಾರನೆಯ ದಿನದಿಂದ ವಿಳಂಬ ಉಚಿತವೆಂಬ ಸಿದ್ಧಾಂತವನ್ನು ಹೊರಡಿಸಿದ್ದಾರೆ.

ಮೂರನೆಯದು ಆಪ್. ಕೆಲಸ ಹಗುರ ಮಾಡಲೆಂದು ಬಂದ ಪ್ರತಿ ಆಪ್ ಕೂಡ ತಾನೇ ಒಂದು ಕೆಲಸವಾಗುತ್ತದೆ. ತೋಟದ ನಡುವೆ ನಿಂತು ಫೋಟೊ ತೆಗೆಯಬೇಕು, ರೇಂಜ್ ಹುಡುಕಿಕೊಂಡು ರಸ್ತೆಗೆ ಬರಬೇಕು, ಅಪ್‌ಲೋಡ್ ಆದಮೇಲೆ ಅದರ ಪ್ರಿಂಟ್ ತೆಗೆದು ಕಡತಕ್ಕೆ ಟ್ಯಾಗ್ ಹಾಕಬೇಕು. ಕಾಗದ ಕಡಿಮೆಯಾಗಿದೆ ಎಂಬುದಕ್ಕೂ ಒಂದು ಕಾಗದ ಬೇಕಲ್ಲ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ ಆಪ್‌ಗಳ ಹೊರೆಯೂ ಅವರ ದೂರಾಗಿತ್ತು. ಯಂತ್ರವಾದಕ್ಕೆ ಇಷ್ಟು ಗಟ್ಟಿಯಾದ ಖಂಡನೆ ಯಾವ ಗ್ರಂಥದಲ್ಲೂ ಇಲ್ಲ.

ಸಿದ್ಧಾಂತಪಕ್ಷವು ಆದ್ಯತೆಯನ್ನು ಲಕ್ಷಣಗಳಿಂದ ಗುರುತಿಸುತ್ತದೆ. ಮಗಳ ಕಾಲೇಜು ಅಡ್ಮಿಶನ್ನಿಗೆ ನಾಳೆಯೇ ಕೊನೆ ಎಂದವರದು ಮೊದಲು. ಉಜಿರೆ ಬಸ್ಸಿನತ್ತ ಕಣ್ಣಿಟ್ಟವರದು ಆಮೇಲೆ. ಮೆಂಬರಿಗೆ ಫೋನು ಹಚ್ಚಿ ಕೈಗೆ ಕೊಡುವವರದನ್ನು ಮೊದಲಿಗೂ ಮೊದಲೆಂದು ಕೆಲವರು, ಕಟ್ಟಕಡೆಗೆಂದು ಕೆಲವರು; ಇಲ್ಲಿ ಮತಭೇದವಿದೆ. ಉಳಿದವರಿಗೆ ‘ಎಲ್ಲೆ ಬಲೆ’. ನಾಳೆ ಬನ್ನಿ ಎಂಬುದನ್ನು ತುಳುವಿನಲ್ಲಿ ಹೇಳಿದರೆ ಜನ ಅರ್ಧದಷ್ಟು ಮಾತ್ರ ಸಿಟ್ಟಾಗುತ್ತಾರೆ.

ಇನ್ನು ಸೂಚಿ. ಯಾವ ಕಡತ ಯಾವ ಕಟ್ಟಿನಲ್ಲಿದೆ ಎಂಬ ಜ್ಞಾನ ರಿಜಿಸ್ಟರಿನಲ್ಲೂ ಇಲ್ಲ, ಸರ್ವರಿನಲ್ಲೂ ಇಲ್ಲ. ಅದು ಉಗ್ರಾಣಿಯವರ, ಅಂದರೆ ಗ್ರಾಮ ಸಹಾಯಕರ, ತಲೆಯಲ್ಲಿದೆ. ಅವರು ರಜೆ ಹಾಕಿದ ದಿನ ಸರ್ವರ್ ಡೌನ್ ಎಂದು ಬೋರ್ಡು ಹಾಕುವುದು ಪದ್ಧತಿ.