ಹಿಸ್ಟರಿ ಗೌಡ

ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ತೋಟದ ಮನೆಗೆ ಬಂದವರು, ಮತ್ತೆ ಹೊರಡುವ ಮಾತೇ ಎತ್ತದವರು, ಹಾನುಬಾಳಿನಿಂದ ಹೆತ್ತೂರಿನವರೆಗೆ ಊರಿಗೊಬ್ಬರು ಸಿಗುತ್ತಾರೆ. ಎಲ್ಲ ಒಂದೇ ಅಚ್ಚು. ಚಡ್ಡಿ, ಗಮ್‌ಬೂಟು, ಕಿವಿಗೊಂದು ಯಂತ್ರ, ಜಗಲಿಯಲ್ಲಿ ಸಿಗ್ನಲ್ ಸಿಗುವ ಮೂಲೆಗೇ ಎಳೆದಿಟ್ಟ ಕುರ್ಚಿ. ಇವರಲ್ಲೇ ಒಂದು ಒಳಪಂಗಡವಿದೆ, ಸರ್ವರ್ ಕಾಯುವ ಕೆಲಸದವರದ್ದು. ಆಲೂರು ಕಡೆಯ ಅಂಥ ಒಬ್ಬನಿಗೆ ತೋಟದ ಆಳುಗಳು ಇಟ್ಟ ಹೆಸರು ಹಿಸ್ಟರಿ ಗೌಡ. ಎದುರಿಗೆ ಮಾತ್ರ ಸಣ್ಣಯ್ಯ ಅನ್ನುತ್ತಾರೆ.

ಅವನು ಓದಿದ್ದು ಇತಿಹಾಸವಲ್ಲ. ಏನೇ ಕೆಟ್ಟರೂ, ಏನೇ ಕಳೆದರೂ ಅವನ ಬಾಯಿಂದ ಬರುವ ಮೊದಲ ಮಾತು ‘ಇರಿ, ಹಿಸ್ಟರಿ ನೋಡೋಣ’. ಲಿನಕ್ಸ್ ಯಂತ್ರಗಳಲ್ಲಿ ಬ್ಯಾಶ್ ಅಂತ ಒಂದು ಶೆಲ್ ಇದೆ, 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದದ್ದು. ಕಪ್ಪು ಪರದೆಯ ಮೇಲೆ ನಾವು ಕೊಟ್ಟ ಕಮಾಂಡುಗಳನ್ನೆಲ್ಲ ಅದು ಒಂದು ಫೈಲಿಗೆ ಬರೆದಿಡುತ್ತದೆ. ‘ಹಿಸ್ಟರಿ’ ಅಂತ ಟೈಪಿಸಿದರೆ ನಂಬರ್ ಸಮೇತ ಪಟ್ಟಿ ಬರುತ್ತದೆ. ಅದರಲ್ಲಿ ಏನು ಮಾಡಿದರು ಅನ್ನುವುದಿರುತ್ತದೆ, ಯಾವಾಗ ಅನ್ನುವುದಿರುವುದಿಲ್ಲ. ಆ ಕೊರತೆ ನೀಗಿದ್ದು 2004ರ ಮೂರನೇ ಆವೃತ್ತಿಯಲ್ಲಿ. ಹಿಸ್ಟ್‌ಟೈಮ್‌ಫಾರ್ಮ್ಯಾಟ್ ಅನ್ನುವ ಸೆಟ್ಟಿಂಗ್ ಹಾಕಿದರೆ ಪ್ರತಿ ಕಮಾಂಡಿನ ಪಕ್ಕ ತಾರೀಖು, ಗಂಟೆ, ನಿಮಿಷ ಕಾಣುತ್ತದೆ. ಫೈಲಿನೊಳಗೆ ಮಾತ್ರ ಅದು ಕೂತಿರುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ರೂಪದಲ್ಲಿ. ಲೆಕ್ಕ ಶುರುವಾಗುವುದು ಗ್ರೀನ್‌ವಿಚ್‌ನ ನಡುರಾತ್ರಿಗೆ, ಯುಟಿಸಿ ಅನ್ನುವ ಲೆಕ್ಕದ ಸೊನ್ನೆ ಗಂಟೆಗೆ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆಗೆ, ಹಂಡೆ ಒಲೆಗೆ ಉರಿ ಹಾಕುವ ಹೊತ್ತಿಗೆ. ಕಂಪ್ಯೂಟರುಗಳ ಯುಗಾದಿ ಅದು ಅನ್ನುತ್ತಾನೆ ಗೌಡ, ಕೈ ಮುಗಿಯುವುದೊಂದು ಬಾಕಿ.

ಇದನ್ನೆಲ್ಲ ಕಂಪನಿ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದರೆ ಯಾರದೂ ತಕರಾರಿರಲಿಲ್ಲ. ಅವನು ಅಡುಗೆಮನೆಗೂ ಬಂದ. “ಒಲೆ ಆರಿಸಿದ್ದು ಎಷ್ಟೊತ್ತಿಗಮ್ಮ?” “ಅನ್ನ ಆದಾಗ.” ಅಪ್ಪನ ಹತ್ತಿರ ಹೋದ. ಎಲ್ಲ ಬೆಳೆಗಾರರ ಮನೆಯಲ್ಲಿರುವಂತೆ ಅಲ್ಲೂ ಒಂದು ಮಳೆ ಪುಸ್ತಕವಿದೆ, ತಾತನ ಕಾಲದ್ದು, ಇಂಚು ಸೆಂಟಿನ ಲೆಕ್ಕದ್ದು. “ನಿನ್ನೆ ಮಳೆ ಶುರುವಾಗಿದ್ದು ಎಷ್ಟೊತ್ತಿಗಪ್ಪ?” “ಬೆಳಗ್ಗೆ ಅಳೆದೆ, 3 ಇಂಚು 40 ಸೆಂಟು. ರಾತ್ರಿಯೆಲ್ಲ ಎದ್ದು ಕೂತು ನೋಡಕ್ಕೆ ನಂಗೇನ್ ಹುಚ್ಚಾ?”

ಆನೆ ಸಂದೇಶಗಳ ಗ್ರೂಪಿನಲ್ಲೂ ಇದೇ ಕತೆ. ಇಂಥ ಕಡೆ ಆನೆ ಇದೆ, ಯಾರೂ ಓಡಾಡಬೇಡಿ ಅಂತ ಬಂದರೆ ಇವನ ಪ್ರಶ್ನೆ, “ಇದು ಆನೆ ಕಂಡ ಟೈಮೋ, ಮೆಸೇಜ್ ಕಳಿಸಿದ ಟೈಮೋ?” ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಅಷ್ಟೇ ನ್ಯಾಯವಾಗಿ ಬಂತು: “ನೀ ಮೊದ್ಲು ಒಳಗೋಗು ಮಾರಾಯ.”

ಅವನ ನಿಜವಾದ ಪರೀಕ್ಷೆ ನಡೆದದ್ದು ಪಂಪ್‌ಹೌಸಿನಲ್ಲಿ. ಫೆಬ್ರವರಿ ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವ ಕಾಲ. ಕೆರೆ ಹತ್ತಿರ ಅಂಗೈಯಷ್ಟು ಕಂಪ್ಯೂಟರ್ ಒಂದನ್ನು ಕೂರಿಸಿ, ಕಮಾಂಡ್ ಕೊಟ್ಟರೆ ಮೋಟರು ಓಡುವಂತೆ ಮಾಡಿದ. ಅಪ್ಪ, ರೈಟರು, ತಾನು, ಮೂವರಿಗೂ ಒಂದೇ ಲಾಗಿನ್, ಒಂದೇ ಪಾಸ್‌ವರ್ಡು. ಒಂದು ಬೆಳಗ್ಗೆ ನೋಡಿದರೆ ಒಂದೇ ಬ್ಲಾಕಿಗೆ ಎರಡು ಸಲ ನೀರು ಬಿದ್ದಿದೆ, ಪಕ್ಕದ ಬ್ಲಾಕು ಒಣಗಿ ನಿಂತಿದೆ. ಗೌಡ ಕಣದಲ್ಲಿ ಎಲ್ಲರನ್ನೂ ಸೇರಿಸಿ ಲ್ಯಾಪ್‌ಟಾಪ್ ಬಿಚ್ಚಿದ.

ಆದರೆ ಹೊತ್ತು ತೋರಿಸುವ ಆ ಸೆಟ್ಟಿಂಗ್ ಅವನು ಹಾಕಿದ್ದೇ ಅವತ್ತು ಬೆಳಗ್ಗೆ. ಮುದ್ರೆ ಬೀಳದ ಹಳೆಯ ಕಮಾಂಡುಗಳಿಗೆ ಬ್ಯಾಶ್ ತಾನು ಫೈಲು ಓದಿದ ಹೊತ್ತನ್ನೇ ತೋರಿಸಿಬಿಡುತ್ತದೆ. ಹಾಗಾಗಿ ಸಂಕ್ರಾಂತಿಯಿಂದ ಈಚೆಗೆ ಆ ಪಂಪಿಗೆ ಯಾರ‍್ಯಾರು ಏನೇನು ಹೇಳಿದ್ದರೋ ಎಲ್ಲವೂ 7:42:10ಕ್ಕೆ ನಡೆದಿದ್ದವು. ಮೇಸ್ತ್ರಿ ಬಗ್ಗಿ ನೋಡಿದ. “ಒಂದೇ ಸೆಕೆಂಡಲ್ಲಿ ಇಷ್ಟ್ ಕೆಲ್ಸಾನಾ? ನಮ್ ಆಳುಗಳ್ಗೂ ಇದ್ನ ಸ್ವಲ್ಪ ಕಲ್ಸಿ ಸಣ್ಣಯ್ಯ.”

ಆಮೇಲೆ ಎಲ್ಲಕ್ಕೂ ಸರಿಯಾಗಿ ಹೊತ್ತು ಬೀಳತೊಡಗಿತು. ಬೀಳತೊಡಗಿದ್ದೇ ಕರೆಂಟು ಕೈಕೊಟ್ಟಿತು. ಲಾಗೌಟ್ ಆಗುವಾಗ ಫೈಲಿಗೆ ಬರೆಯುವುದು ಬ್ಯಾಶ್‌ನ ಪದ್ಧತಿ. ನಡುವೆ ಯಂತ್ರವೇ ಆರಿದರೆ ಅಷ್ಟು ಹೊತ್ತಿನದು ಹೊಳೆಗೆ ಹೋದ ಹಾಗೆ. ಬ್ಯಾಟರಿ ತಂದಿಟ್ಟ. ಆಗ ಹೊಸದೊಂದು ವಿಚಿತ್ರ ಶುರುವಾಯಿತು. ಮೋಟರು ಓಡುತ್ತದೆ, ನೀರು ಹಾರುತ್ತದೆ, ಹಿಸ್ಟರಿಯಲ್ಲಿ ಸುಳಿವೇ ಇಲ್ಲ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗಳು ರಜಕ್ಕೆ ಬಂದವಳು ತನ್ನ ತಾತನಿಗೆ, ಅಂದರೆ ತೋಟದ ದೊಡ್ಡಯ್ಯನಿಗೆ, ಒಂದು ಗುಟ್ಟು ಹೇಳಿಕೊಟ್ಟು ಹೋಗಿದ್ದಳು: ಮೊದಲು ಸ್ಪೇಸ್ ಒತ್ತಿ ಆಮೇಲೆ ಟೈಪ್ ಮಾಡಿದರೆ ಬ್ಯಾಶ್ ಬರೆದುಕೊಳ್ಳುವುದಿಲ್ಲ. ಬಹಳ ಯಂತ್ರಗಳಲ್ಲಿ ಅದು ಮೊದಲಿಂದಲೇ ಇರುವ ಏರ್ಪಾಡು. ಯಜಮಾನರು ಕೆಮ್ಮಿದರೆ ಹಳೇ ಕಾಲದ ಗುಮಾಸ್ತ ಪೆನ್ನು ಕೆಳಗಿಡುತ್ತಿದ್ದನಲ್ಲ, ಹಾಗೆ.

ಅದನ್ನು ಪತ್ತೆ ಮಾಡಿದ್ದು ರೈಟರು. ಚೆಕ್‌ರೋಲಿನ ಹಿಂದಿನ ಹಾಳೆಯಲ್ಲಿ ಅವರ ಕೈಬರಹ: ‘ಮೋಟರು. ದೊಡ್ಡಯ್ಯ. ಹಾಲು ಹಾಕಿ ಬಂದ ಮೇಲೆ.’

“ಹಾಲು ಹಾಕಿ ಬಂದ ಮೇಲೆ ಅನ್ನೋದೂ ಒಂದು ಟೈಮಾ ರೈಟ್ರೇ?”

ರೈಟರು ಜೇಬಿನಿಂದ ಸೊಸೈಟಿ ಚೀಟಿ ತೆಗೆದರು. ಲೀಟರು, ಫ್ಯಾಟು, ಕೆಳಗೆ ಗಂಟೆ ನಿಮಿಷ, ಎಲ್ಲ ಅಚ್ಚಾಗಿತ್ತು. ಎರಡು ಕಡೆಯ ದಾಖಲೆ ತಾಳೆ ಹಾಕುವುದನ್ನು ಗೌಡನ ಕಂಪನಿಯಲ್ಲಿ ದೊಡ್ಡ ಸಂಬಳದವರು ಮಾಡುತ್ತಾರೆ. ನಮ್ಮ ರೈಟರಿಗೆ ಸಂಬಳ ಹೆಚ್ಚಿಸಿದ ಸುದ್ದಿ ಈವರೆಗೆ ಬಂದಿಲ್ಲ.

ಈಚೆಗೆ ಬಾಳ್ಳುಪೇಟೆ ಕಡೆಯಿಂದ ಹೆಣ್ಣಿನ ಪ್ರಸ್ತಾಪ ಬಂತು. ಜಾತಕ ಬರೆಸಬೇಕು. ಜೋಯಿಸರು ಹುಟ್ಟಿದ ಹೊತ್ತು ಕೇಳಿದರು. ಮನೆಯವರು ಮುಖ ಮುಖ ನೋಡಿಕೊಂಡರು. ಅಮ್ಮ ಅಂದರು, “ಹೇಮಾವತಿ ತುಂಬಿ ರಸ್ತೆ ಮುಚ್ಚಿ ಹೋಗಿತ್ತು, ಮನೇಲೇ ಆಯ್ತು. ಗಡಿಯಾರ ನಿಂತಿತ್ತು. ಕೋಳಿ ಕೂಗಿತ್ತು ಅನ್ಸುತ್ತೆ.” ಅಪ್ಪ ಮಳೆ ಪುಸ್ತಕ ತಂದು ಆ ದಿನದ ಪುಟ ತೆಗೆದರು: ‘5 ಇಂಚು 10 ಸೆಂಟು. ಗಂಡು.’ ಬೇರೇನೂ ಇಲ್ಲ. ಹೆಂಡತಿ ಹೆತ್ತದ್ದನ್ನು ಮಳೆಯ ಕೆಳಗೆ ಬರೆದವರು ನಮ್ಮ ಸೀಮೆಯಲ್ಲಿ ಇವರೊಬ್ಬರೇ ಇರಲಾರರು.

ಗೌಡ ಬೆವರಿದ. ಬ್ಯಾಶ್ ಲೆಕ್ಕದಲ್ಲಾದರೆ ಅವನು ಹುಟ್ಟಿದ್ದು ಇವತ್ತು ಬೆಳಗ್ಗೆ, ಲಾಗಿನ್ ಆದಾಗ.

“ಕೋಳಿ ಕೂಗಿತ್ತು ಅಂತೀರಿ. ಐದೂವರೆ ಅಂತ ಹಾಕ್ಕೊಳ್ಳೋಣ,” ಅಂದರು ಜೋಯಿಸರು. ಅಂದಾಜಿನ ಲೆಕ್ಕ ಅಂದರೆ ಇವನು ಎಗರಾಡುತ್ತಾನೆ ಅಂತ ಎಲ್ಲರೂ ಕಾದರು. ಅವನು ಬೆರಳು ಮಡಿಸಿ ಏನೋ ಕಳೆದ, ಮುಖ ಅರಳಿತು.

“ಹಾಕಿ ಜೋಯಿಸ್ರೇ, ಹಾಕಿ. ಯುಟಿಸಿಲಿ ಸರಿಯಾಗಿ ಸೊನ್ನೆ ಗಂಟೆ!”

ಜೋಯಿಸರು ಬರೆದುಕೊಂಡು, ಅಪ್ಪನ ಕಡೆ ಬಾಗಿ ಮೆಲ್ಲಗೆ ಕೇಳಿದರು, “ಯುಟಿಸಿ ಅಂದ್ರೆ ಯಾವ ಲಗ್ನ ಗೌಡ್ರೇ?”