ಬಿಸಿತೊಟ್ಟಿ ಬಂಧನ ಮೀಮಾಂಸೆ: ಅಲ್ ಐನ್ ಕ್ಷೇತ್ರವನ್ನು ಕುರಿತು

ಪೀಠಿಕೆ

ಕೀರ್ತಿವರ್ಮ ಗೋವೈದ್ಯ ಬರೆದ, ಮಂಗರಸ ಸೂಪಶಾಸ್ತ್ರ ಬರೆದ. ಅಂಗಳದಲ್ಲಿಟ್ಟ ಜಕೂಝಿಗೆ ತಾಮ್ರದ ತಂತಿ ಕಟ್ಟುವ ಕ್ರಮವನ್ನು ಕುರಿತು ಮಾತ್ರ ಯಾವ ಶಾಸ್ತ್ರಕಾರನೂ ಒಂದು ಕಂದಪದ್ಯವನ್ನಾದರೂ ಬಿಟ್ಟು ಹೋಗಲಿಲ್ಲ. ಅವರ ಕಾಲದಲ್ಲಿ ಜಕೂಝಿಯೂ ಇರಲಿಲ್ಲ, ಕರೆಂಟೂ ಇರಲಿಲ್ಲ ಎಂಬ ಸಮರ್ಥನೆ ದುರ್ಬಲವಾದದ್ದು.

ಈ ಕೊರತೆ ನೀಗಲು ಅಲ್ ಐನ್ ನಗರವನ್ನು ಆರಿಸಿಕೊಂಡಿದ್ದೇವೆ. ಬೇಸಿಗೆಯಲ್ಲಿ ಇಲ್ಲಿ ತಾಪ 45 ಡಿಗ್ರಿ ದಾಟುತ್ತದೆ. ಮಹಡಿ ಮೇಲಿನ ಟ್ಯಾಂಕಿನ ನೀರು ತಾನಾಗಿ ಕಾದು ನಲ್ಲಿಗಿಳಿಯುತ್ತದೆ. ಜನ ಗೀಸರ್ ಆಫ್ ಮಾಡಿ, ಅದರ ಹೊಟ್ಟೆಯಲ್ಲಿ ನಿಂತ ನೀರನ್ನೇ ತಣ್ಣೀರೆಂದು ಮೀಯುತ್ತಾರೆ. ಇಂಥ ಊರಿಗೆ ಬಿಸಿನೀರ ತೊಟ್ಟಿ ಏಕೆ ಎಂಬ ಪ್ರಶ್ನೆ ನಮ್ಮ ವ್ಯಾಪ್ತಿಗೆ ಬಾರದು. ಶಾಸ್ತ್ರಕಾರ ವಿಧಿಯನ್ನು ಹೇಳುತ್ತಾನೆ. ಬೇಕೋ ಬೇಡವೋ ಎಂಬುದನ್ನು ಮನೆಯಾಕೆ ಹೇಳಬೇಕು.

ಕಾಲವಿಭಾಗ

ಸ್ನಾನದ ಚರಿತ್ರೆಯಲ್ಲಿ ಮೂರು ಯುಗಗಳು: ಹಂಡೆಯುಗ, ಗೀಸರ್‌ಯುಗ, ಜಕೂಝಿಯುಗ. ಹಂಡೆಯುಗದಲ್ಲಿ ತಾಮ್ರ ಕಣ್ಣೆದುರೇ ಇತ್ತು. ನೀರು ತುಂಬುವ ಹಬ್ಬದಂದು ಹುಣಸೆಹಣ್ಣು ಹಾಕಿ ಉಜ್ಜಿ, ಸುಣ್ಣ ಕೆಮ್ಮಣ್ಣು ಬಳಿದು ಪೂಜಿಸುತ್ತಿದ್ದರು. ಜಕೂಝಿಯುಗದಲ್ಲಿ ತಾಮ್ರ ಟೈಲ್ಸ್ ಅಡಿಗೆ ಸೇರಿತು, ಪೂಜೆ ನಿಂತಿತು. ಸಕಲ ಅನರ್ಥಗಳಿಗೂ ಇದೇ ಮೂಲ.

ಈ ಯುಗದ ಪ್ರವರ್ತಕರು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಜಕೂಝಿ ಸೋದರರು. ವೃತ್ತಿಯಿಂದ ಪಂಪು ಮಾಡುವವರು. ಮನೆಯ ಹುಡುಗನೊಬ್ಬನ ಸಂಧಿವಾತಕ್ಕೆಂದು ಹುಟ್ಟಿದ, ಟಬ್ಬಿನೊಳಗೆ ಇಳಿಬಿಡುವ ಪಂಪು 1956ರಲ್ಲಿ ಮಾರುಕಟ್ಟೆಗೆ ಬಂತು. 1968ರಲ್ಲಿ ರಾಯ್ ಜಕೂಝಿ ಜೆಟ್‌ಗಳನ್ನು ತೊಟ್ಟಿಯ ಗೋಡೆಗೇ ಕೂರಿಸಿದ. ಅಂದಿನಿಂದ ಮೋಟರು, ನೀರು, ಬರಿಮೈ ಮನುಷ್ಯ ಮೂವರೂ ಒಂದೇ ಮನೆಯಲ್ಲಿ ಸಂಸಾರ ಹೂಡಿದರು.

ಅಲ್ ಐನಿಗೆ ಇದಕ್ಕೂ ಹಳೆಯ ಪರಂಪರೆಯಿದೆ. ಹಫೀತ್ ಬೆಟ್ಟದ ಬುಡದ ಗ್ರೀನ್ ಮುಬಝ್ಝರಾದಲ್ಲಿ ಬಿಸಿನೀರು ನೆಲದಿಂದಲೇ ಉಕ್ಕುತ್ತದೆ. ಸುಮಾರು 3,000 ವರ್ಷಗಳ ಹಿಂದೆಯೇ ತೋಡಿದ ಫಲಜ್ ಕಾಲುವೆಗಳು ಇಳಿಜಾರೊಂದನ್ನೇ ನಂಬಿ ತೋಟಗಳಿಗೆ ನೀರು ಮುಟ್ಟಿಸಿದವು. 2011ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರ್ಥಿಂಗ್ ಸರಿಯಿದೆಯೇ ಎಂದು ಕೇಳಲಿಲ್ಲ. ಪಂಪಿಲ್ಲದ ನಾಗರಿಕತೆಗೆ ಇನ್‌ಸ್ಪೆಕ್ಷನ್ ಇಲ್ಲ.

ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷಿ ವಿಲ್ಲಾ ಬಾಡಿಗೆಗೆ ಹಿಡಿದ ಕುಂದಾಪುರದ ಗೃಹಸ್ಥ. ಅವನ ವಾದ: “ನೆಲಕ್ಕೊಂದು ಅರ್ಥ್ ರಾಡ್ ಹೊಡೆದರೆ ಮುಗಿಯಿತು. ಬಾಂಡಿಂಗ್ ಎಂಬುದೆಲ್ಲ ದುಡ್ಡು ಕೀಳುವ ದಾರಿ.”

ಇದು ಅಸಾಧು. ಊರಿನಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಸುರಿದವನಿಗೆ ಒಣನೆಲ ಕರೆಂಟನ್ನು ಸಲೀಸಾಗಿ ಒಳಬಿಡದೆಂದು ಗೊತ್ತಿರಬೇಕು. ಅಲ್ ಐನಿನ ಮರಳು ಒಣಗುವುದರಲ್ಲಿ ಆಚಾರ್ಯಪದವಿ ಪಡೆದದ್ದು. ಎಲ್ಲೋ ಲೀಕೇಜ್ ಆದರೆ ರಾಡಿಗೆ ಸೇರಿದ ಲೋಹವೂ ಅದಕ್ಕೆ ತಾಗಿದ ತೊಟ್ಟಿಯ ನೀರೂ ಒಟ್ಟಿಗೆ ವೋಲ್ಟೇಜ್ ಏರಿಸಿಕೊಂಡು ನಿಲ್ಲುತ್ತವೆ. ಪಕ್ಕದ ಒದ್ದೆ ಟೈಲ್ಸ್ ಸೊನ್ನೆಯ ಹತ್ತಿರವೇ ಉಳಿಯುತ್ತದೆ. ಒಂದು ಕಾಲು ನೀರಿನಲ್ಲಿ, ಇನ್ನೊಂದು ಟೈಲ್ಸ್ ಮೇಲೆ ಇಟ್ಟವನು ಆ ಕ್ಷಣಕ್ಕೆ ತಂತಿಯ ಹುದ್ದೆಗೆ ನೇಮಕವಾಗುತ್ತಾನೆ. ಕರೆಂಟ್ ತಂತಿಯ ಮೇಲೆ ಕೂತ ಕಾಗೆಗೆ ಈ ನೇಮಕಾತಿ ಇಲ್ಲ, ಅದರ ಎರಡು ಕಾಲೂ ಒಂದೇ ವೋಲ್ಟೇಜಿನಲ್ಲಿರುವುದರಿಂದ. ಆದ್ದರಿಂದ ವೋಲ್ಟೇಜಿನ ಭೇದವೇ ಶಾಕಿನ ಕಾರಣವೆಂದು ಸಿದ್ಧವಾಯಿತು. ಆ ಭೇದ ಅಳಿಸಲು ಸುತ್ತಲಿನ ಲೋಹವನ್ನೆಲ್ಲ ಒಂದಕ್ಕೊಂದು ತಂತಿಯಿಂದ ಕಟ್ಟುವುದೇ ಬಾಂಡಿಂಗ್.

ಮತತ್ರಯ ವಿಚಾರ

ಶೃಂಗೇರಿ, ಉಡುಪಿ, ಮೇಲುಕೋಟೆ ಮೂರನ್ನೂ ಒಂದೇ ರಾಜ್ಯದಲ್ಲಿಟ್ಟುಕೊಂಡ ಕನ್ನಡಿಗನಿಗೆ ಮುಂದಿನದು ಸುಲಭ. ಡಬಲ್ ಇನ್ಸುಲೇಶನ್ ದ್ವೈತ: ಕರೆಂಟು ಬೇರೆ, ಜೀವ ಬೇರೆ, ಪ್ಲಾಸ್ಟಿಕ್ ಬಿರುಕು ಬಿಡುವ ತನಕ ಎಂದೆಂದಿಗೂ ಬೇರೆ. ಬಾಂಡಿಂಗ್ ಅದ್ವೈತ: ಪಂಪಿನ ಮೈ, ಹೀಟರು, ಏಣಿ, ಕೈಕಂಬಿ, ನೆಲದೊಳಗಿನ ಕಬ್ಬಿಣ ಇವಕ್ಕೆ ನಾಮರೂಪಗಳು ಹಲವಾದರೂ ವಿಭವ, ಅಂದರೆ ವೋಲ್ಟೇಜ್, ಒಂದೇ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ 680ನೆಯ ಪ್ರಕರಣ ವಿಶಿಷ್ಟಾದ್ವೈತ. ಲೋಹವನ್ನಲ್ಲದೆ ಸುತ್ತಲಿನ ನೆಲವನ್ನೂ 8 ಗೇಜಿನ ತಾಮ್ರದಿಂದ ಕಟ್ಟು ಎನ್ನುತ್ತದೆ. ಆದರೆ ಕಾರ್ಖಾನೆಯಲ್ಲೇ ಪೂರ್ತಿ ಜೋಡಿಸಿ ಮುದ್ರೆ ಒತ್ತಿಸಿಕೊಂಡು ಬಂದು ನೆಲದ ಮೇಲೆಯೇ ಕೂತ ತೊಟ್ಟಿಯ ಅಂಚು ಕನಿಷ್ಠ 28 ಅಂಗುಲ ಎತ್ತರವಿದ್ದರೆ, ನೆಲ ಕಟ್ಟುವ ಕೆಲಸ ಮಾಫಿ. ಏಕತ್ವಕ್ಕೂ ಇಂಚುಪಟ್ಟಿ ಇದೆ.

ಪ್ರಮಾಣ ಸಂಕಟ

ಅಬುಧಾಬಿಯ ವೈರಿಂಗ್ ನಿಯಮಗಳು ಬ್ರಿಟಿಷರ ಬಿಎಸ್ 7671ರ ಸಂಪ್ರದಾಯದವು. ತೊಟ್ಟಿ ಅಮೆರಿಕದ್ದಾಗಿದ್ದರೆ ಶಾಸ್ತ್ರಸಂಕರ ತಪ್ಪದು. ಅಲ್ಲಿನ 60 ಹರ್ಟ್ಸ್ ಮೋಟರು ಇಲ್ಲಿನ 50 ಹರ್ಟ್ಸ್‌ಗೆ ಇಳಿದಾಗ ವೇಗದ ಆರರಲ್ಲೊಂದು ಪಾಲು ಕಳೆದುಕೊಂಡು ಶುಕ್ರವಾರದ ಮಧ್ಯಾಹ್ನದ ಗುಮಾಸ್ತನಂತೆ ತಿರುಗುತ್ತದೆ.

ಬ್ರಿಟಿಷ್ ಶಾಸ್ತ್ರದೊಳಗೂ ಒಳಜಗಳವಿದೆ. 701ನೆಯ ಭಾಗ ಸ್ನಾನದ ಮನೆಗೆ, 702 ಈಜುಕೊಳ ಮುಂತಾದ ಜಲಪಾತ್ರೆಗಳಿಗೆ. 701ರಲ್ಲಿ ಕೆಲವು ಷರತ್ತು ಪಾಲಿಸಿದರೆ ಹೆಚ್ಚುವರಿ ಬಾಂಡಿಂಗ್ ಬಿಡಬಹುದು; 702ರಲ್ಲಿ ಆ ರಿಯಾಯಿತಿ ಇಲ್ಲ. ಹಾಗಾದರೆ ಜಕೂಝಿಯಲ್ಲಿ ಕೂತವನು ಮೀಯುತ್ತಿದ್ದಾನೋ, ಆಡುತ್ತಿದ್ದಾನೋ? ಸೋಪು ಹಿಡಿದಿರದಿದ್ದರೆ 702 ಎಂಬುದು ನಮ್ಮ ನಿರ್ಣಯ. ಅನುಮಾನವಿದ್ದಾಗ ಬಿಗಿಯಾದ ಸೂತ್ರವೇ ಪ್ರಮಾಣ.

702ರ ವಾಸ್ತು ಹೊಯ್ಸಳ ಮಾದರಿಯದು. ತೊಟ್ಟಿಯ ಒಳಗು ಗರ್ಭಗುಡಿ. ಅಲ್ಲಿ 12 ವೋಲ್ಟಿನ ದೀಪಕ್ಕೆ ಪ್ರವೇಶವುಂಟು, 230ಕ್ಕೆ ಇಲ್ಲ. ಅಂಚಿನಿಂದ 2 ಮೀಟರ್ ಸುಕನಾಸಿ, ಆಚೆಗಿನ 1.5 ಮೀಟರ್ ನವರಂಗ. ಈ ಮೂರರೊಳಗೆ ಸಿಕ್ಕುವ, ಹೊರಗಿನಿಂದ ವಿಭವ ಹೊತ್ತು ತರಬಲ್ಲ ಲೋಹವೆಲ್ಲ ಬಂಧನಕ್ಕೊಳಗಾಗಬೇಕು. ಲೀಕೇಜ್ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪ್ ಆರ್‌ಸಿಡಿ ದ್ವಾರಪಾಲಕ. ದ್ವಾರಪಾಲಕನಿದ್ದಾನೆಂದು ಗೋಡೆ ಕಟ್ಟದೆ ಬಿಡುವಂತಿಲ್ಲ. ಅವನೂ ಕೆಟ್ಟು ಕೂರಬಲ್ಲ, ಬಟನ್ ಒತ್ತಿ ಪರೀಕ್ಷಿಸುತ್ತಿರಬೇಕು.

ಫಲಶ್ರುತಿ

ತೊಟ್ಟಿ ಕೊಳ್ಳುವಾಗ ಜೆಟ್ ಎಷ್ಟು, ದೀಪಕ್ಕೆ ಬಣ್ಣ ಎಷ್ಟು, ಹಾಡು ಬರುತ್ತದೆಯೇ ಎಂದು ಲೋಕ ವಿಚಾರಿಸುತ್ತದೆ. ತಂತಿಯನ್ನು ಯಾರೂ ಕೇಳರು. ಟೈಲ್ಸ್ ಬೀಳುವ ಮುನ್ನ ಅದನ್ನು ನೋಡದವನು ಆಮೇಲೆ ನೋಡಬೇಕಾದರೆ ಅಂಗಳ ಒಡೆಯಬೇಕು.

ಉಳಿದ ಶಾಸ್ತ್ರಗಳು ಪುತ್ರಲಾಭ, ಧನಲಾಭ, ಮೋಕ್ಷಗಳನ್ನು ಕೊಡುತ್ತವೆ. ಈ ಶಾಸ್ತ್ರವನ್ನು ವಿಧಿವತ್ತಾಗಿ ಆಚರಿಸಿದವನಿಗೆ ಏನೂ ಆಗುವುದಿಲ್ಲ, ಅದೇ ಫಲ. ಬಿಲ್ ನೋಡಿ ಪೂರ್ವಪಕ್ಷಿ ಕೊನೆಯ ಆಕ್ಷೇಪ ಎತ್ತಿದ: “ಇಷ್ಟು ಖರ್ಚು ಮಾಡಿ ಏನಾಯ್ತು ಮಾರಾಯಾ?”

ತಂತಿ ಕಟ್ಟಿ ಮುಗಿಸಿದ ಬಂಟ್ವಾಳದ ಎಲೆಕ್ಟ್ರಿಷಿಯನ್ ಟೂಲ್ ಬ್ಯಾಗ್ ಹೆಗಲಿಗೇರಿಸಿ ಸಿದ್ಧಾಂತ ನುಡಿದ: “ಎಂಥದೂ ಆಗ್ಲಿಲ್ಲ ಅಲ್ವಾ ಮಾರಾಯ್ರೇ? ಬಿಲ್ ಅದಕ್ಕೇ.”